ಮಳಖೇಡದ ಗಣಿತದಿಂದ ಕೃತಕ ಬುದ್ಧಿಮತ್ತೆಯವರೆಗೆ: ಸಂಶೋಧನೆ ಮತ್ತು ಅಧ್ಯಾಪನ ಎರಡನ್ನೂ ಹಿಡಿದ ವೃತ್ತಿ ಹೇಗಿರುತ್ತದೆ?

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಸಮಾಜದ ಮನೆಗಳಲ್ಲಿ ಈಗ ಒಂದು ಹೊಸ ಮಾತು ಕೇಳಿಬರುತ್ತಿದೆ. ಮೊದಲು ಸಿಎ, ವೈದ್ಯಕೀಯ, ಇಲ್ಲವೇ ಮನೆತನದ ಅಂಗಡಿ ಎನ್ನುತ್ತಿದ್ದ ಮಕ್ಕಳು ಈಗ ‘ಎಐ ಓದುತ್ತೇನೆ’ ಎನ್ನುತ್ತಾರೆ. ಎಐ ಎಂದರೆ ಕೃತಕ ಬುದ್ಧಿಮತ್ತೆ. ಅದರಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರುವುದು ಒಂದು ದಾರಿ. ಮುಂದೆ ಪಿಎಚ್.ಡಿ. ಮಾಡಿ, ಕಂಪನಿಯ ಸಂಶೋಧನಾಲಯದಲ್ಲಿ ದುಡಿದು, ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳುವುದು ಇನ್ನೊಂದು ದಾರಿ. ಮೊದಲನೆಯದು ಎಲ್ಲರಿಗೂ ಗೊತ್ತಿದೆ. ಎರಡನೆಯದನ್ನು ಬಲ್ಲವರು ಕಡಿಮೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂಥ ಊರುಗಳಲ್ಲಿ ಅದನ್ನು ಕೇಳಿ ತಿಳಿಯಲು ನೆರೆಹೊರೆಯಲ್ಲಿ ಒಬ್ಬರೂ ಇಲ್ಲದಿರಬಹುದು. ಆ ದಾರಿಯ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಈ ನೆಲಕ್ಕೆ ಗಣಿತ ಹೊಸದಲ್ಲ

ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂಬುದು ನಮ್ಮ ಓದುಗರಿಗೆ ತಿಳಿದದ್ದೇ. ನೇಮಿನಾಥ ಬಸದಿಯ ದರ್ಶನಕ್ಕೆ ಹೋದವರೂ ಅನೇಕರಿದ್ದಾರೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ರಚಿಸಿದರು. ಗ್ರಂಥದ ಆರಂಭದಲ್ಲೇ ಅವರು ಅಮೋಘವರ್ಷನನ್ನು ಸ್ಮರಿಸಿದ್ದಾರೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜ ಜೈನ ಮಠದಿಂದ ಹೊರಬಂತು.

ಜ್ಯೋತಿಷದಿಂದ ಬೇರೆಯಾಗಿ ಗಣಿತವನ್ನೇ ವಿಷಯವಾಗಿಟ್ಟುಕೊಂಡ ಪುಸ್ತಕವಿದು. ಒಂದು, ಹತ್ತು, ನೂರು ಎಂದು 24 ಸ್ಥಾನಗಳವರೆಗೆ ಅಂಕಿಗಳಿಗೆ ಹೆಸರು ಕೊಡುತ್ತದೆ. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಹೇಳುತ್ತದೆ. ಉದಾಹರಣೆಗೆ, ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರನ್ನೂ ಸೇರಿಸುವವರೆಗೆ ಎಣಿಸಿದರೆ ಒಟ್ಟು 63 ಬಗೆ ಸಿಗುತ್ತವೆ. ಅದೇ ಶತಮಾನದ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಕಲ್ಪನೆ ಬರುತ್ತದೆ. 32 ಅನ್ನು ಅರ್ಧ ಮಾಡುತ್ತಾ ಹೋದರೆ 16, 8, 4, 2, 1 ಎಂದು ಐದು ಸಲಕ್ಕೆ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ 32ರ ಅರ್ಧಚ್ಛೇದ 5. ಇಂದಿನ ಗಣಿತದಲ್ಲಿ ಇದು ಎರಡರ ಆಧಾರದ ಲಾಗರಿದಮ್. ಕಂಪ್ಯೂಟರ್ ಮಾಹಿತಿಯನ್ನು ‘ಬಿಟ್’ಗಳಲ್ಲಿ ಅಳೆಯುವುದು ಇದೇ ಲೆಕ್ಕದಲ್ಲಿ.

ಹಾಗೆಂದು ಕೃತಕ ಬುದ್ಧಿಮತ್ತೆ ನಮ್ಮ ಪೂರ್ವಿಕರಿಗೇ ಗೊತ್ತಿತ್ತು ಎನ್ನಲಾಗದು. ಅದು ಸರಿಯಲ್ಲ, ಆಚಾರ್ಯರಿಗೆ ಗೌರವ ತರುವ ಮಾತೂ ಅಲ್ಲ. ಆದರೆ ಈ ಕ್ಷೇತ್ರಕ್ಕೆ ಬೇಕಾದ ಎಣಿಕೆ, ಸಂಭವನೀಯತೆ, ಬೀಜಗಣಿತಗಳನ್ನು ಕಲಿಯಲು ‘ನಮ್ಮಂಥವರಿಗೆ ಆಗದು’ ಎಂದು ಸೇಡಂನ ಹುಡುಗಿಯೊಬ್ಬಳು ಅಂಜಬೇಕಾಗಿಲ್ಲ.

ಯಂತ್ರ ಕಲಿಯುವುದು ಹೇಗೆ?

ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಯಾರೋ ಅವಸರದಲ್ಲಿ ಬರೆದ ೩ ಮತ್ತು ೭ ನಮಗೂ ಒಮ್ಮೊಮ್ಮೆ ಗೊಂದಲ ಮಾಡುತ್ತವೆ. ‘ಮೂರು ಎಂದರೆ ಹೀಗಿರುತ್ತದೆ’ ಎಂದು ಕಂಪ್ಯೂಟರಿಗೆ ನಿಯಮ ಬರೆದುಕೊಡಲು ಹೋದರೆ ನಿಯಮಗಳಿಗೆ ಕೊನೆಯೇ ಇಲ್ಲ, ಏಕೆಂದರೆ ಪ್ರತಿಯೊಬ್ಬರ ಕೈಬರಹ ಬೇರೆ. ಹಾಗಾಗಿ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ಸಾವಿರಾರು ಕೈಬರಹದ ಅಂಕಿಗಳ ಚಿತ್ರಗಳನ್ನು ಸರಿಯುತ್ತರದ ಜೊತೆಗೇ ಯಂತ್ರಕ್ಕೆ ತೋರಿಸುವುದು. ಯಂತ್ರ ಒಂದು ಉತ್ತರ ಊಹಿಸುತ್ತದೆ. ತಪ್ಪಿದರೆ ತನ್ನೊಳಗಿನ ಲಕ್ಷಾಂತರ ಸಂಖ್ಯೆಗಳನ್ನು ತುಸುತುಸುವೇ ಬದಲಿಸಿಕೊಳ್ಳುತ್ತದೆ. ಇದು ಮತ್ತೆ ಮತ್ತೆ ನಡೆದಾಗ ತಪ್ಪುಗಳು ಇಳಿಯುತ್ತವೆ. ಇದನ್ನೇ ‘ಮಷೀನ್ ಲರ್ನಿಂಗ್’ ಅಥವಾ ಯಂತ್ರಕಲಿಕೆ ಎನ್ನುತ್ತಾರೆ. ಇಂದು ಮೊಬೈಲಿನಲ್ಲಿ ಮಾತಿಗೆ ಉತ್ತರ ಕೊಡುವ ತಂತ್ರಾಂಶದ ಮೂಲದಲ್ಲೂ ಇದೇ ತತ್ವವಿದೆ. ಗಾತ್ರ ಮಾತ್ರ ಬಹಳ ದೊಡ್ಡದು.

ಈ ಕೈಬರಹದ ಅಂಕಿಗಳ ಸುತ್ತಲೇ ಬೆಳೆದ ಇಬ್ಬರ ವೃತ್ತಿಜೀವನವನ್ನು ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಶ್ರೀಹರಿ, ಬೆಲ್ ಲ್ಯಾಬ್ಸ್‌ನ ಲೆಕುನ್

ಸರಗೂರು ಶ್ರೀಹರಿ ಅವರು ಬೆಂಗಳೂರು ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪಡೆದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಇ. ಓದಿ, 1976ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ನಂತರ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪ್ರಾಧ್ಯಾಪಕರಾಗಿದ್ದರು. ಅಲ್ಲಿ 1991ರಲ್ಲಿ ದಾಖಲೆ ವಿಶ್ಲೇಷಣೆಗಾಗಿಯೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. ಅಮೆರಿಕದ ಅಂಚೆ ಇಲಾಖೆಯ ನೆರವಿನಿಂದ ಅವರ ತಂಡ ರೂಪಿಸಿದ ವ್ಯವಸ್ಥೆ 1990ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂತು. ಲಕೋಟೆಯ ಮೇಲಿನ ಕೈಬರಹದ ವಿಳಾಸವನ್ನು ಯಂತ್ರವೇ ಓದಿ ವಿಂಗಡಿಸುವ ವ್ಯವಸ್ಥೆ ಅದು. ಪ್ರತಿ ವ್ಯಕ್ತಿಯ ಕೈಬರಹ ಪ್ರತ್ಯೇಕವೇ ಎಂಬುದನ್ನು ಪರೀಕ್ಷಿಸಲು 1,500 ಜನರ ಬರಹ ಸಂಗ್ರಹಿಸಿ ಅವರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ನ್ಯಾಯಾಲಯದ ಸಾಕ್ಷ್ಯಕ್ಕೆ ಸಂಬಂಧಿಸಿದ ಪ್ರಶ್ನೆಯದು. ಯಂತ್ರಕಲಿಕೆಯ ತಮ್ಮ ಪಾಠದ ಟಿಪ್ಪಣಿಗಳನ್ನು ಅವರು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದ್ದರು. 2022ರಲ್ಲಿ ಅವರು ನಿಧನರಾದರು. ಅವರು ಇದ್ದದ್ದು ವಿಶ್ವವಿದ್ಯಾಲಯದಲ್ಲಿ. ಬಿಡಿಸಿದ್ದು ಅಂಚೆಯ ಸಮಸ್ಯೆ, ನ್ಯಾಯಾಲಯದ ಸಮಸ್ಯೆ.

ಫ್ರಾನ್ಸಿನ ಯಾನ್ ಲೆಕುನ್ ಅವರದು ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದ ದಾರಿ. 1988ರಲ್ಲಿ ಅವರು ಬೆಲ್ ಲ್ಯಾಬ್ಸ್ ಎಂಬ ದೂರವಾಣಿ ಕಂಪನಿಯ ಸಂಶೋಧನಾಲಯ ಸೇರಿದರು. ಅಲ್ಲಿ ಅವರ ತಂಡ ಪಿನ್‌ಕೋಡ್ ಮತ್ತು ಬ್ಯಾಂಕ್ ಚೆಕ್ಕುಗಳ ಮೇಲಿನ ಅಂಕಿ ಓದುವ ವ್ಯವಸ್ಥೆ ಮಾಡಿತು. ಆ ಕೆಲಸದ ನಂತರ ಸಿದ್ಧವಾದ ‘ಎಂನಿಸ್ಟ್’ ಎಂಬ 70,000 ಅಂಕಿ ಚಿತ್ರಗಳ ಸಂಗ್ರಹ ಇಂದಿಗೂ ವಿದ್ಯಾರ್ಥಿಗಳ ಮೊದಲ ಪಾಠ. 2003ರಲ್ಲಿ ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 2013ರ ಕೊನೆಯಲ್ಲಿ ಫೇಸ್‌ಬುಕ್ ತನ್ನ ಎಐ ಸಂಶೋಧನಾಲಯ ಕಟ್ಟಲು ಕರೆದಾಗ ಹೋದರು, ಆದರೆ ಪ್ರಾಧ್ಯಾಪಕ ಹುದ್ದೆ ಬಿಡಲಿಲ್ಲ. 2018ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ, ಜೆಫ್ರಿ ಹಿಂಟನ್ ಮತ್ತು ಯೋಶುವಾ ಬೆಂಜಿಯೊ ಅವರಿಗೆ ಒಟ್ಟಾಗಿ ಸಂದಿತು. ಹಿಂಟನ್ ಕೂಡ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಇದ್ದುಕೊಂಡೇ 2013ರಿಂದ 2023ರವರೆಗೆ ಗೂಗಲ್‌ನಲ್ಲಿ ದುಡಿದವರು. 2024ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದವರು.

ಇಲ್ಲಿಯೂ ಈ ಬಗೆಯ ಉದಾಹರಣೆಗಳಿವೆ. 2005ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸ್ಥಾಪಿಸಿದ ಪಿ. ಆನಂದನ್ ಅದಕ್ಕೂ ಮೊದಲು ಯೇಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಗೂಗಲ್ 2019ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ವಿಭಾಗ ತೆರೆಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯ ಕೃತಕ ಬುದ್ಧಿಮತ್ತೆ ಕೇಂದ್ರವಂತೂ 1986ರಿಂದಲೇ ಬೆಂಗಳೂರಿನಲ್ಲಿದೆ.

ಕನ್ನಡ ಅಂಕಿ ಕಲಿಸಿದ ಪಾಠ

2019ರಲ್ಲಿ ವಿನಯ್ ಪ್ರಭು ಎಂಬ ಸಂಶೋಧಕರು ‘ಕನ್ನಡ-ಎಂನಿಸ್ಟ್’ ಎಂಬ ಸಂಗ್ರಹ ಬಿಡುಗಡೆ ಮಾಡಿದರು. ಆಗ ಅವರು ಕಂಪನಿಯೊಂದರ ಸಂಶೋಧನಾಲಯದಲ್ಲಿದ್ದರು. ಬೆಂಗಳೂರಿನ 65 ಮಂದಿ ಕನ್ನಡಿಗರು ಬರೆದ ೦ಯಿಂದ ೯ರವರೆಗಿನ ಅಂಕಿಗಳ 70,000 ಚಿತ್ರಗಳು ಅದರಲ್ಲಿವೆ. ಜೊತೆಗೆ ಅಮೆರಿಕದಲ್ಲಿದ್ದ, ಕನ್ನಡ ಲಿಪಿಯ ಪರಿಚಯವಿಲ್ಲದವರಿಂದಲೂ ಅಂಕಿ ಬರೆಸಿ 10,240 ಚಿತ್ರಗಳ ಇನ್ನೊಂದು ಸಂಗ್ರಹ ಮಾಡಿದರು. ಮೊದಲ ಗುಂಪಿನ ಬರಹದಿಂದ ಕಲಿತ ಯಂತ್ರ ಅದೇ ಬಗೆಯ ಬರಹವನ್ನು ಚೆನ್ನಾಗಿ ಓದಿತು. ಎರಡನೆಯ ಗುಂಪಿನ ಬರಹ ಕೊಟ್ಟಾಗ ಬಹಳಷ್ಟು ಎಡವಿತು.

ಯಂತ್ರ ತಾನು ಕಂಡದ್ದನ್ನಷ್ಟೇ ಬಲ್ಲದು. ಬೆಂಗಳೂರಿನ ಕನ್ನಡ ಕೇಳಿ ಕಲಿತ ಯಂತ್ರದ ಮುಂದೆ ಚಿಂಚೋಳಿಯ ಅಜ್ಜಿ ‘ಏನ್ ಮಾಡ್ಲಿಕತ್ತೀರಿ’ ಎಂದರೆ ಅದು ತಡವರಿಸಬಹುದು. ಪಡಿತರ, ಪಿಂಚಣಿ, ಬೆಳೆವಿಮೆಯಂಥ ಸೇವೆಗಳು ಮಾತಿನ ಯಂತ್ರಗಳ ಮೂಲಕ ಬರತೊಡಗಿದರೆ ಅದರ ನಷ್ಟ ಆ ಅಜ್ಜಿಗೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳ ಮಾತು ಸಂಗ್ರಹಿಸುವ ‘ರೆಸ್ಪಿನ್’ ಯೋಜನೆ ನಡೆದದ್ದು ಇದೇ ಕಾರಣಕ್ಕೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗದಿಂದಲೂ ಕನ್ನಡ ಕೈಬರಹದ ಅಂಕಿ ಗುರುತಿಸುವ ಬಗ್ಗೆ ಸಂಶೋಧನಾ ಪ್ರಬಂಧಗಳು ಬಂದಿವೆ. ಈ ಕೆಲಸಕ್ಕೆ ನಮ್ಮ ಭಾಗದ ಕಿವಿ ಮತ್ತು ಕಣ್ಣು ಇರುವವರೇ ಬೇಕು.

ಸಮಾಜಕ್ಕೆ ಹತ್ತಿರದ ಇನ್ನೊಂದು ಕೆಲಸವೂ ಇದೆ. ಮೂಡುಬಿದಿರೆಯಲ್ಲಿ ರಕ್ಷಿತವಾದ ಧವಲಾ ತಾಳೆಗರಿಗಳ ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡ. ಅಂಥ ಗರಿಗಳನ್ನು ಓದಬಲ್ಲ ವಿದ್ವಾಂಸರು ಇಂದು ಬೆರಳೆಣಿಕೆಯಷ್ಟು. ಅವರು ಓದಿಕೊಟ್ಟ ಪುಟಗಳಿಂದ ಯಂತ್ರಕ್ಕೆ ಲಿಪಿ ಕಲಿಸಿದರೆ, ಉಳಿದ ಗರಿಗಳ ಮೊದಲ ಓದನ್ನು ಯಂತ್ರ ಮಾಡಿ, ತಿದ್ದುವುದನ್ನು ವಿದ್ವಾಂಸರಿಗೆ ಬಿಡಬಹುದು. ಪಿಎಚ್.ಡಿ.ಗೆ ಇದು ಗಟ್ಟಿಯಾದ ವಿಷಯ.

ಕಂಪನಿ ಮತ್ತು ವಿಶ್ವವಿದ್ಯಾಲಯ: ಏನು ವ್ಯತ್ಯಾಸ?

ಕಂಪನಿಯ ಸಂಶೋಧನಾಲಯದಲ್ಲಿ ಸಂಬಳ ಹೆಚ್ಚು, ದೊಡ್ಡ ಕಂಪ್ಯೂಟರುಗಳು ಕೈಗೆಟಕುತ್ತವೆ, ಮಾಡಿದ ಕೆಲಸ ಬೇಗ ಕೋಟ್ಯಂತರ ಜನರನ್ನು ತಲುಪುತ್ತದೆ. ಆದರೆ ವಿಷಯ ಆರಿಸುವ ಸ್ವಾತಂತ್ರ್ಯ ಕಂಪನಿಯ ಲಾಭನಷ್ಟಕ್ಕೆ ಕಟ್ಟುಬಿದ್ದಿರುತ್ತದೆ. ಎಲ್ಲವನ್ನೂ ಪ್ರಕಟಿಸಲು ಬಿಡುವುದಿಲ್ಲ. ವಿಭಾಗವೇ ಒಂದು ದಿನ ಮುಚ್ಚಬಹುದು.

ವಿಶ್ವವಿದ್ಯಾಲಯದಲ್ಲಿ ಸಂಬಳ ಕಡಿಮೆ. ಸರ್ಕಾರಿ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ ಏಳನೆಯ ವೇತನ ಆಯೋಗದಂತೆ ₹57,700. ಪಾಠ, ಪರೀಕ್ಷೆ, ಮೌಲ್ಯಮಾಪನ, ಸಮಿತಿಗಳಲ್ಲಿ ದಿನ ಕಳೆಯುತ್ತದೆ. ಆದರೆ ಹತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಬಹುದು. ತಾಳೆಗರಿಯ ಲಿಪಿಯಂಥ, ಹಣ ತಾರದ ವಿಷಯವನ್ನೂ ಹಿಡಿಯಬಹುದು. ನೂರಾರು ಮಕ್ಕಳು ಕೈಕೆಳಗೆ ತಯಾರಾಗುತ್ತಾರೆ.

ಎರಡನ್ನೂ ಜೋಡಿಸಲು ಮೂರು ರೂಢಿಯ ದಾರಿಗಳಿವೆ. ಒಂದು, ಸರದಿಯಂತೆ: ಕೆಲವು ವರ್ಷ ಕಂಪನಿ, ನಂತರ ವಿಶ್ವವಿದ್ಯಾಲಯ. ಎರಡು, ಒಟ್ಟಿಗೇ: ಒಂದು ಕಡೆ ಪೂರ್ಣ ಹುದ್ದೆ, ಇನ್ನೊಂದು ಕಡೆ ಅರೆಕಾಲಿಕ. ಮೂರು, ಅನುಭವದ ಮೇಲೆ: ಯುಜಿಸಿ 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಮಾರ್ಗಸೂಚಿಯಂತೆ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದ ಪರಿಣತರನ್ನು ಪಿಎಚ್.ಡಿ. ಇಲ್ಲದಿದ್ದರೂ ನಿಗದಿತ ಅವಧಿಗೆ ಪಾಠಕ್ಕೆ ತೆಗೆದುಕೊಳ್ಳಬಹುದು. ಇಂಥ ಹುದ್ದೆಗಳು ಮಂಜೂರಾದ ಒಟ್ಟು ಹುದ್ದೆಗಳ ಶೇ. 10 ಮೀರುವಂತಿಲ್ಲ. ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ನಮ್ಮ ಹಿರಿಯ ಇಂಜಿನಿಯರುಗಳು ಗಮನಿಸಬೇಕಾದ ಅವಕಾಶವಿದು.

ದಾರಿಯ ಮೆಟ್ಟಿಲುಗಳು

*ಪಿಯುಸಿ:* ವಿಜ್ಞಾನ ವಿಭಾಗ, ಗಣಿತ ಕಡ್ಡಾಯ. ಕಂಪ್ಯೂಟರ್ ಸೈನ್ಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ.

*ಪದವಿ:* ಬಿ.ಇ. ಒಂದೇ ಬಾಗಿಲಲ್ಲ. ಗಣಿತ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರದ ಬಿ.ಎಸ್ಸಿ.ಯಿಂದಲೂ ಬರಬಹುದು. ಕಲಬುರಗಿಯಲ್ಲಿ 1958ರಲ್ಲಿ ಆರಂಭವಾದ ಪಿಡಿಎ ಇಂಜಿನಿಯರಿಂಗ್ ಕಾಲೇಜು, 1980ರ ಗುಲ್ಬರ್ಗಾ ವಿಶ್ವವಿದ್ಯಾಲಯ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಈ ಐದೂ ಊರುಗಳಿಗೆ ಹತ್ತಿರದ ಐಐಟಿ ಧಾರವಾಡದ್ದಲ್ಲ, ಹೈದರಾಬಾದಿನದು. ದೇಶದಲ್ಲಿ ಮೊದಲ ಬಾರಿಗೆ 2019ರಲ್ಲಿ ಕೃತಕ ಬುದ್ಧಿಮತ್ತೆಯಲ್ಲೇ ಬಿ.ಟೆಕ್. ಆರಂಭಿಸಿದ ಐಐಟಿ ಅದು. 1874ರಲ್ಲಿ ನಿಜಾಮರ ಕಾಲಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ರೈಲು ಹಳಿ ಇಂದಿಗೂ ಚಿತ್ತಾಪುರ, ಸೇಡಂ ಹಾದು ಆ ಕಡೆಗೇ ಹೋಗುತ್ತದೆ.

*371(ಜೆ):* ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದಲ್ಲಿ ಶೇ. 8 ಸೀಟುಗಳ ಮೀಸಲಾತಿ ಇದೆ. ಇದಕ್ಕೆ ಉಪವಿಭಾಗಾಧಿಕಾರಿ ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಫಲಿತಾಂಶದವರೆಗೆ ಕಾಯದೆ ಮೊದಲೇ ಮಾಡಿಸಿಟ್ಟುಕೊಳ್ಳಿ. ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ.

*ಗೇಟ್ ಮತ್ತು ಎಂ.ಟೆಕ್.:* 2024ರಿಂದ ಗೇಟ್ ಪರೀಕ್ಷೆಯಲ್ಲಿ ‘ಡೇಟಾ ಸೈನ್ಸ್ ಮತ್ತು ಎಐ’ ಎಂಬ ಪ್ರತ್ಯೇಕ ಪತ್ರಿಕೆ ಬಂದಿದೆ. ಅಂಕ ಮೂರು ವರ್ಷ ಊರ್ಜಿತ. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ ₹12,400 ವಿದ್ಯಾರ್ಥಿವೇತನವಿದೆ.

*ಪಿಎಚ್.ಡಿ.:* ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಈ ಕ್ಷೇತ್ರದಲ್ಲಿ ಐದು ವರ್ಷವೆಂದು ಲೆಕ್ಕ ಹಿಡಿಯುವುದು ಒಳ್ಳೆಯದು. ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಯಾರು ಎಂಬುದು ಮುಖ್ಯ. ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ.

ಮನೆಯವರ ಪ್ರಶ್ನೆಗಳು

*ಅಷ್ಟು ವರ್ಷ ಮಗನಿಗೆ ನಾವೇ ಹಣ ಕಳಿಸಬೇಕೆ?*
ಬೇಕಾಗಿಲ್ಲ. ಪಿಎಚ್.ಡಿ.ಗೆ ಶುಲ್ಕ ಕಟ್ಟುವುದಕ್ಕಿಂತ ಫೆಲೋಶಿಪ್ ಪಡೆದು ಓದುವುದೇ ರೂಢಿ. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ ₹37,000, ಎರಡು ವರ್ಷದ ನಂತರ ₹42,000. ಮನೆಬಾಡಿಗೆ ಭತ್ಯೆ ಬೇರೆ. ಆದರೆ ಅಲ್ಪಸಂಖ್ಯಾತರಿಗಾಗಿ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ. 2014ರಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ಸಿಕ್ಕ ಬಳಿಕ ಅದನ್ನು ನೆಚ್ಚಿದ್ದ ಕುಟುಂಬಗಳು ಈಗ ಬೇರೆ ಫೆಲೋಶಿಪ್‌ಗಳತ್ತ ನೋಡಬೇಕು.

*ಮಗಳಿಗೆ ಮದುವೆಯ ವಯಸ್ಸು ಮೀರುವುದಿಲ್ಲವೇ?*
22ಕ್ಕೆ ಪದವಿ, 24ಕ್ಕೆ ಎಂ.ಟೆಕ್., 29ಕ್ಕೆ ಪಿಎಚ್.ಡಿ. ಎಂಬುದು ಸಾಮಾನ್ಯ ಲೆಕ್ಕ. ಈ ಲೆಕ್ಕವನ್ನು ಮೊದಲೇ ಮಗಳ ಜೊತೆ ಕೂತು ಬಿಚ್ಚಿ ಮಾತಾಡಿ. ಮದುವೆಯ ನಂತರವೂ ಸಂಶೋಧನೆ ಮುಂದುವರಿಸಬಹುದು. ಮಹಿಳೆಯರಿಗೆ ಅವಧಿಯಲ್ಲಿ ಎರಡು ವರ್ಷದ ಹೆಚ್ಚುವರಿ ರಿಯಾಯಿತಿಯನ್ನು ಯುಜಿಸಿ ನಿಯಮವೇ ಕೊಟ್ಟಿದೆ. ನಡುವೆ ಕೈಬಿಡಿಸಿದರೆ ಮಾತ್ರ ಆ ವರ್ಷಗಳು ವ್ಯರ್ಥ.

*ಪಿಎಚ್.ಡಿ. ಮಾಡಿಯೂ ಕೆಲಸ ಸಿಗದಿದ್ದರೆ?*
ಇದು ನಿಜವಾದ ಅಪಾಯ. ಒಳ್ಳೆಯ ಸಂಶೋಧನಾಲಯಗಳಲ್ಲಿ ಜಾಗ ಕಡಿಮೆ. ಖಾಸಗಿ ಕಾಲೇಜುಗಳು ಯುಜಿಸಿ ವೇತನ ಕೊಡುತ್ತವೆ ಎಂಬ ಭರವಸೆ ಇಲ್ಲ. ಸರ್ಕಾರಿ ನೇಮಕಾತಿ ವರ್ಷಗಟ್ಟಲೆ ತಡವಾಗುತ್ತದೆ. ಮನೆಯ ಮೇಲೆ ಸಾಲವಿದ್ದರೆ, ಬಿ.ಇ. ನಂತರ ಎರಡು-ಮೂರು ವರ್ಷ ದುಡಿದು, ಸಾಲ ತೀರಿಸಿ, ಆಮೇಲೆ ಸಂಶೋಧನೆಗೆ ಹೋಗುವುದು ಜಾಣತನ. ಹಾಗೆ ಹೋದವರಿಗೆ ಕೆಲಸದ ಅನುಭವವೂ ಆಸರೆಯಾಗುತ್ತದೆ.

*ಆರು ತಿಂಗಳ ಎಐ ಕೋರ್ಸಿಗೆ ಲಕ್ಷಗಟ್ಟಲೆ ಕಟ್ಟಬಹುದೇ?*
ಅಂಥ ಕೋರ್ಸಿನಿಂದ ಯಾರೂ ಸಂಶೋಧಕರಾಗುವುದಿಲ್ಲ. ಐಐಟಿ ಪ್ರಾಧ್ಯಾಪಕರ ಪಾಠಗಳೇ ಎನ್‌ಪಿಟಿಇಎಲ್ ಮತ್ತು ಸ್ವಯಂ ತಾಣಗಳಲ್ಲಿ ಉಚಿತವಾಗಿವೆ. ಮೊದಲು ಒಂದು ಪಾಠವನ್ನು ಪೂರ್ತಿ ಮುಗಿಸಲಿ. ಆಸಕ್ತಿ ಉಳಿದಿದ್ದರೆ ಮುಂದಿನ ಮಾತು.

ಊರಿಗೆ ಏನು ಬಂತು?

ಶಹಾಬಾದಿನ ಕಲ್ಲು, ವಾಡಿ ಮತ್ತು ಸೇಡಂನ ಸಿಮೆಂಟು, ಚಿತ್ತಾಪುರ-ಚಿಂಚೋಳಿಯ ತೊಗರಿ ದೇಶಕ್ಕೆಲ್ಲ ಹೋಗುತ್ತವೆ. ಸಿಮೆಂಟ್ ಭಟ್ಟಿಯ ಉಷ್ಣತೆ ಕಾಯುವುದು, ತೊಗರಿ ಬೇಳೆಯನ್ನು ಬಣ್ಣ-ಗಾತ್ರ ನೋಡಿ ವಿಂಗಡಿಸುವುದು ಈಗ ಕ್ಯಾಮೆರಾ ಮತ್ತು ಯಂತ್ರಕಲಿಕೆಯ ಕೆಲಸವಾಗುತ್ತಿದೆ. ಇದರಿಂದ ಕೆಲವು ಕೈಗಳಿಗೆ ಕೆಲಸ ತಪ್ಪುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಯಂತ್ರ ಎಲ್ಲಿ ಬೇಕು, ಎಲ್ಲಿ ಬೇಡ, ಅದು ತಪ್ಪಿದಾಗ ಹೊಣೆ ಯಾರದು ಎಂದು ಕೇಳಬಲ್ಲವರು ಈ ಊರಿನವರೇ ಆಗಿದ್ದರೆ ಮಾತಿಗೆ ತೂಕ ಬರುತ್ತದೆ.

ಕಂಪನಿಯ ಸಂಬಳ ಒಂದು ಮನೆಯನ್ನು ಎತ್ತುತ್ತದೆ. ಕಲಬುರಗಿಯ ತರಗತಿಯಲ್ಲಿ ನಿಂತು ಚೆನ್ನಾಗಿ ಪಾಠ ಹೇಳುವ ಒಬ್ಬ ಪ್ರಾಧ್ಯಾಪಕರು ವರ್ಷಕ್ಕೆ ಅರವತ್ತು ಮನೆಗಳ ಮಕ್ಕಳಿಗೆ ದಾರಿ ತೋರಿಸುತ್ತಾರೆ. ಎರಡನ್ನೂ ಮಾಡಿದವರು ಕಂಪನಿಯಲ್ಲಿ ಕಲಿತದ್ದನ್ನು ಇಲ್ಲಿನ ಮಕ್ಕಳಿಗೆ ದಾಟಿಸಬಲ್ಲರು.

ಈ ಬೇಸಿಗೆಯಲ್ಲಿ ಹತ್ತನೆಯ ತರಗತಿ ಅಥವಾ ಪಿಯುಸಿ ಮುಗಿಸುವ ಮಕ್ಕಳಿರುವ ಮನೆಯವರು ಮೂರು ಕೆಲಸ ಮಾಡಿದರೆ ಸಾಕು: 371(ಜೆ) ಮತ್ತು ಅಲ್ಪಸಂಖ್ಯಾತ ಪ್ರಮಾಣಪತ್ರ ಸಿದ್ಧ ಮಾಡಿಕೊಳ್ಳಿ. ಕಲಬುರಗಿಯ ಯಾವುದಾದರೂ ಗಣಕ ವಿಜ್ಞಾನ ವಿಭಾಗಕ್ಕೆ ಮಕ್ಕಳನ್ನು ಒಂದು ದಿನ ಕರೆದೊಯ್ದು ಸಂಶೋಧನಾ ವಿದ್ಯಾರ್ಥಿಗಳೊಡನೆ ಮಾತಾಡಿಸಿ. ಬರುವಾಗ ಮಳಖೇಡದಲ್ಲಿ ಇಳಿದು, ಇಂಥ ಗಣಿತಕ್ಕೆ ಆಶ್ರಯ ಕೊಟ್ಟ ಊರು ಇದು ಎಂದು ತೋರಿಸಿ.